ಕಾರ್ಡ್ ಪರ್ಸಿನಲ್ಲೇ ಇತ್ತು, ದುಡ್ಡು ಹೋಗಿತ್ತು

ಅವತ್ತು ಭಾನುವಾರ. ತಿಪಟೂರಿನಲ್ಲಿರೋ ಅಪ್ಪನ ಮನೆಯಲ್ಲಿ ಊಟ ಮುಗಿಸಿ ನಡುಮನೆಯಲ್ಲಿ ಅಡ್ಡಾಗಿದ್ದೆ. ಮಧ್ಯಾಹ್ನ 2.47ಕ್ಕೆ ಫೋನ್ ಸದ್ದು ಮಾಡಿತು. ನನ್ನ ಕ್ರೆಡಿಟ್ ಕಾರ್ಡಿನಿಂದ 38,412 ರೂಪಾಯಿ ಖರ್ಚಾಗಿದೆ ಅನ್ನೋ ಮೆಸೇಜ್. ಯಾವತ್ತೂ ಹೆಸರು ಕೇಳದ ಯಾವುದೋ ವಿದೇಶಿ ವೆಬ್‌ಸೈಟ್. ಏನಿದು ಅಂತ ಎದ್ದು ಕೂರುವಷ್ಟರಲ್ಲಿ 2.49ಕ್ಕೆ ಇನ್ನೊಂದು ಬಂತು: 41,260 ರೂಪಾಯಿ. 2.52ಕ್ಕೆ ಮೂರನೆಯದು. ಪುಣ್ಯಕ್ಕೆ ಅದು ಡಿಕ್ಲೈನ್ ಆಗಿತ್ತು.

ಓಡಿಹೋಗಿ ಬ್ಯಾಗ್ ನೋಡಿದೆ. ಕಾರ್ಡ್ ಪರ್ಸಿನಲ್ಲೇ ಇತ್ತು. ಒಟಿಪಿ ಬಂದಿರಲಿಲ್ಲ. ಯಾರಿಗೂ ಏನನ್ನೂ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಆದರೂ ಐದು ನಿಮಿಷದಲ್ಲಿ 79,672 ರೂಪಾಯಿ ಹೋಗಿತ್ತು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಎಂಟು ವರ್ಷದಿಂದ ಇದೇ ಕೆಲಸ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಸೈಬರ್ ಸೆಕ್ಯುರಿಟಿ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಳ್ತೀನಿ. ಅಂಥವಳು ಮೊದಲ ಹದಿನೈದು ನಿಮಿಷ ಏನು ಮಾಡಿದೆ ಗೊತ್ತಾ? ಫೋನನ್ನು ದಿಂಬಿನ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಅಪ್ಪನಿಗೆ ಹೇಳೋದು ಹೇಗೆ, ಗಂಡನಿಗೆ ಹೇಳೋದು ಹೇಗೆ ಅನ್ನೋದೇ ಯೋಚನೆ. ಆ ತಿಂಗಳೇ ನಾವಿಬ್ಬರೂ ಹೋಮ್ ಲೋನಿಗೆ ಅರ್ಜಿ ಹಾಕಿದ್ದೆವು. 'ನೀನೇ ಹೀಗೆ ಮಾಡ್ಕೊಂಡ್ಯಾ?' ಅಂತ ಯಾರಾದರೂ ಕೇಳಿದರೆ ಅನ್ನೋ ನಾಚಿಕೆ ದುಡ್ಡಿಗಿಂತ ದೊಡ್ಡದಾಗಿ ಕಾಣಿಸಿತ್ತು.

ಆ ಹದಿನೈದು ನಿಮಿಷ ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು. ಕಾರ್ಡ್ ಮೋಸದಲ್ಲಿ ದುಡ್ಡು ವಾಪಸ್ ಬರುತ್ತಾ ಇಲ್ವಾ ಅನ್ನೋದು ಬಹುಪಾಲು ನಾವು ಎಷ್ಟು ಬೇಗ ಬಾಯಿ ಬಿಡ್ತೀವಿ ಅನ್ನೋದರ ಮೇಲೆ ನಿಂತಿದೆ. ಈ ಬರಹ ಅದಕ್ಕೇ.

ಅಪ್ಪನ ಡೈರಿ

ಕೊನೆಗೂ ಅಪ್ಪನಿಗೆ ಹೇಳಿದೆ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೈಯಲಿಲ್ಲ. ಕಪಾಟಿನಿಂದ ತಮ್ಮ ಡೈರಿ ತೆಗೆದು, 'ಮೆಸೇಜ್ ಎಷ್ಟು ಗಂಟೆಗೆ ಬಂತು ಹೇಳು' ಅಂದರು.

ಅಷ್ಟರಲ್ಲಿ ನಾನು ಗಡಿಬಿಡಿಯಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ನೆಟ್‌ನಲ್ಲಿ ಹುಡುಕುತ್ತಿದ್ದೆ. ಮೊದಲು ಸಿಕ್ಕಿದ್ದೇ ಒಂದು ಹತ್ತಂಕಿಯ ಮೊಬೈಲ್ ನಂಬರ್. ಒತ್ತೋಕೆ ಹೋದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, 'ಕಾರ್ಡಿನ ಹಿಂದೇನೇ ನಂಬರ್ ಇದೆಯಲ್ಲಮ್ಮ, ಅದಕ್ಕೆ ಮಾಡು' ಅಂದರು. ಬ್ಯಾಂಕುಗಳ ಹೆಸರಿನಲ್ಲಿ ಸುಳ್ಳು ಸಹಾಯವಾಣಿ ನಂಬರುಗಳನ್ನು ನೆಟ್‌ನಲ್ಲಿ ಬಿತ್ತಿಟ್ಟು, ಗಾಬರಿಯಲ್ಲಿ ಫೋನ್ ಮಾಡುವವರಿಗೆ ಕಾಯುತ್ತಾ ಕೂತಿರುವವರು ಇದ್ದಾರೆ. ಅವತ್ತು ಆ ಮೊಬೈಲ್ ನಂಬರಿಗೆ ಫೋನ್ ಮಾಡಿದ್ದರೆ ಇನ್ನೊಂದು ಕಥೆ ಬರೀಬೇಕಾಗಿತ್ತೇನೋ.

ಅವತ್ತು ಮಾಡಿದ ಕೆಲಸಗಳನ್ನು ಅದೇ ಕ್ರಮದಲ್ಲಿ ಹೇಳ್ತೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿದೆ. ಕೆಲವು ಆ್ಯಪ್‌ಗಳಲ್ಲಿ 'ತಾತ್ಕಾಲಿಕ ಲಾಕ್' ಅಂತ ಒಂದು, 'ಶಾಶ್ವತ ಬ್ಲಾಕ್' ಅಂತ ಇನ್ನೊಂದು ಇರುತ್ತೆ. ಮೋಸ ಆಗಿದೆ ಅಂತ ಗ್ಯಾರಂಟಿ ಇದ್ದರೆ ಎರಡನೆಯದೇ ಸರಿ.

2. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಎರಡೂ ವಹಿವಾಟು ನನ್ನದಲ್ಲ ಅಂತ ಹೇಳಿದೆ. ದೂರು ಸಂಖ್ಯೆ ಕೇಳಿ ಪಡೆದೆ. ಅಪ್ಪ ಬರೆದುಕೊಂಡರು.

3. ಅದನ್ನೇ ಬ್ಯಾಂಕಿಗೆ ಇ-ಮೇಲ್‌ನಲ್ಲೂ ಬರೆದೆ. ಫೋನಿನಲ್ಲಿ ಹೇಳಿದ್ದಕ್ಕೆ ನಮ್ಮ ಕೈಯಲ್ಲಿ ಸಾಕ್ಷಿ ಇರಲ್ಲ, ಇ-ಮೇಲ್‌ಗೆ ದಿನಾಂಕ, ಗಂಟೆ ಎರಡೂ ಇರುತ್ತೆ.

4. 1930ಕ್ಕೆ ಫೋನ್ ಮಾಡಿದೆ. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಕೇಂದ್ರ ಗೃಹ ಸಚಿವಾಲಯದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆ.

5. ಮೆಸೇಜುಗಳ ಸ್ಕ್ರೀನ್‌ಶಾಟ್, ಕಾರ್ಡ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿದೆ.

1930ರ ಬಗ್ಗೆ ಒಂದು ಮಾತು. ನಿಮ್ಮ ದುಡ್ಡು ನಮ್ಮ ದೇಶದ ಬ್ಯಾಂಕ್ ಖಾತೆಗೋ ವ್ಯಾಲೆಟ್‌ಗೋ ಹೋಗಿದ್ದರೆ, ಬೇಗ ಹೇಳಿದಷ್ಟೂ ಅದು ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಜಾಸ್ತಿ. ನನ್ನ ಹಾಗೆ ವಿದೇಶಿ ವೆಬ್‌ಸೈಟಿನಲ್ಲಿ ಖರ್ಚಾಗಿದ್ದರೆ ಅಷ್ಟು ಸುಲಭ ಅಲ್ಲ. ಆಗ ನೆಚ್ಚಿಕೊಳ್ಳಬೇಕಾಗಿದ್ದು ಬ್ಯಾಂಕಿನ ಡಿಸ್ಪ್ಯೂಟ್ ದಾರಿಯನ್ನೇ. ಆದರೂ ಪೊಲೀಸ್ ದೂರಿನ ಪ್ರತಿ ಇದ್ದರೆ ಬ್ಯಾಂಕಿನವರು ಕೇಳಿದಾಗ ಕೊಡೋಕೆ ಆಗುತ್ತೆ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಇದಕ್ಕೆಂದೇ ಸೆನ್ ಪೊಲೀಸ್ ಠಾಣೆಗಳಿವೆ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಠಾಣೆಗಳು ಅವು.

ಒಟಿಪಿ ಇಲ್ಲದೆ ಹೋಗಿದ್ದು ಹೇಗೆ?

ನನ್ನನ್ನು ಎಲ್ಲರೂ ಕೇಳಿದ ಪ್ರಶ್ನೆ ಇದು. ನಮ್ಮ ದೇಶದ ವೆಬ್‌ಸೈಟುಗಳಲ್ಲಿ ಕಾರ್ಡಿನಿಂದ ಕೊಳ್ಳುವಾಗ ಕಾರ್ಡಿನ ಮೇಲಿರುವ ಅಂಕಿಗಳ ಜೊತೆ ಎರಡನೇ ದೃಢೀಕರಣ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಈ ಒಟಿಪಿ ಬಂದಿದ್ದು ಆ ದಾರಿಯಲ್ಲೇ. ಆದರೆ ವಿದೇಶಿ ಅಂಗಡಿಯವನಿಗೆ ನಮ್ಮ ನಿಯಮ ಅನ್ವಯಿಸಲ್ಲ. ಕಾರ್ಡ್ ನಂಬರ್, ಎಕ್ಸ್‌ಪೈರಿ ದಿನಾಂಕ, ಸಿವಿವಿ ಇಷ್ಟಿದ್ದರೆ ಎಷ್ಟೋ ವಿದೇಶಿ ಸೈಟುಗಳಲ್ಲಿ ಕೆಲಸ ಆಗಿಬಿಡುತ್ತೆ.

ಆ ಅಂಕಿಗಳು ಅವರಿಗೆ ಸಿಕ್ಕಿದ್ದು ಎಲ್ಲಿ ಅನ್ನೋದು ನನಗೆ ಕೊನೆಗೂ ಗೊತ್ತಾಗಲಿಲ್ಲ. ದಾರಿಗಳು ಹಲವಾರು. ಯಾವುದೋ ಸೈಟ್ ಹ್ಯಾಕ್ ಆಗಿ ಸೋರಿರಬಹುದು. ಪೇಮೆಂಟ್ ಪುಟದಲ್ಲೇ ಕಳ್ಳ ಕೋಡ್ ಸೇರಿಸಿ, ನಾವು ಟೈಪ್ ಮಾಡಿದ್ದನ್ನೆಲ್ಲ ಕದಿಯುವುದೂ ಉಂಟು. ಅಥವಾ ಸುಮ್ಮನೆ ಊಹಿಸಿರಲೂಬಹುದು. ಊಹೆ ಅಂದರೆ ನಗಬೇಡಿ. ಕಾರ್ಡಿನ ಹದಿನಾರು ಅಂಕಿಗಳಲ್ಲಿ ಮೊದಲ ಆರೋ ಎಂಟೋ ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಅಂತ ಹೇಳುತ್ತವೆ. ಕೊನೆಯ ಅಂಕಿ ಲೂನ್ ಅನ್ನೋ ಲೆಕ್ಕದ ಸೂತ್ರದಿಂದ ಬರುವ ಪರೀಕ್ಷಾ ಅಂಕಿ. ಮಧ್ಯದಲ್ಲಿ ಉಳಿಯೋದು ಕೆಲವೇ ಅಂಕಿ. ಸಿವಿವಿ ಮೂರಂಕಿ, ಅಂದರೆ ಸಾವಿರ ಸಾಧ್ಯತೆ ಅಷ್ಟೇ. ಮನುಷ್ಯನಿಗೆ ಇದು ಕಷ್ಟ, ಪ್ರೋಗ್ರಾಮಿಗೆ ಅಲ್ಲ.

ಹೀಗೆ ಸಿಕ್ಕಿದ ನಂಬರ್ ಜೀವಂತವಾಗಿದೆಯಾ ಅಂತ ಮೊದಲು ಸಣ್ಣ ಮೊತ್ತ ಎಳೆದು ಪರೀಕ್ಷೆ ಮಾಡ್ತಾರೆ. ಇದನ್ನು ಓದುವಾಗ ನನಗೆ ಫಕ್ಕನೆ ನೆನಪಾಯಿತು. ಹಿಂದಿನ ಮಂಗಳವಾರ ರಾತ್ರಿ ಒಂದು ಮೆಸೇಜ್ ಬಂದಿತ್ತು: 86 ರೂಪಾಯಿ, ವಿದೇಶಿ ವಹಿವಾಟು. ಯಾವುದೋ ಆ್ಯಪ್‌ನ ಸಬ್‌ಸ್ಕ್ರಿಪ್ಷನ್ ಇರಬೇಕು ಅಂದುಕೊಂಡು ಸ್ವೈಪ್ ಮಾಡಿ ತಳ್ಳಿದ್ದೆ. ಐದು ದಿನ ಮೊದಲೇ ಕಳ್ಳ ಬಾಗಿಲು ತಟ್ಟಿ ನೋಡಿದ್ದ. ನಾನು ಎದ್ದು ನೋಡಲಿಲ್ಲ.

ಬಾಗಿಲು ತೆರೆದಿಟ್ಟಿದ್ದೂ ನಾನೇ. ವರ್ಷದ ಹಿಂದೆ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟೋಕೆ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಿದ್ದೆ. ಆಫ್ ಮಾಡೋದು ಮರೆತೇಹೋಗಿತ್ತು.

ನಿಯಮ ನಮ್ಮ ಪರವಾಗಿದೆ, ಆದರೆ ದಿನ ಎಣಿಸುತ್ತೆ

ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ಭಾಗ. ಅನುಮತಿ ಇಲ್ಲದೆ ಆದ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ಗ್ರಾಹಕರ ಹೊಣೆ ಎಷ್ಟು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿತು. ಅದರ ಸಾರ ಹೀಗಿದೆ.

ತಪ್ಪು ಬ್ಯಾಂಕಿನದಾದರೆ ನಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಮ್ಮದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಅಂದರೆ, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನಗಳ ನಡುವೆ ತಿಳಿಸಿದರೆ, ಹೋದ ಮೊತ್ತ ಅಥವಾ ನಿಗದಿತ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ನಮ್ಮ ತಲೆಗೆ. 5 ಲಕ್ಷ ರೂಪಾಯಿವರೆಗಿನ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೆ ಆ ಮಿತಿ 10,000 ರೂಪಾಯಿ, ಅದಕ್ಕಿಂತ ಜಾಸ್ತಿ ಲಿಮಿಟ್ ಇದ್ದರೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ ಏನು ಹೇಳುತ್ತೋ ಅದು.

ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ನಮ್ಮ ಲೆಕ್ಕಕ್ಕೆ ಜಮಾ ಮಾಡಬೇಕು. 90 ದಿನಗಳೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡುವ ಜವಾಬ್ದಾರಿಯೂ ಬ್ಯಾಂಕಿನದೇ.

'ನಾನೇ ಒಟಿಪಿ ಹೇಳಿಬಿಟ್ಟಿದ್ದೆ, ಈಗೇನು ಮಾಡಲಿ?' ಅನ್ನುವವರು ಈ ಸಾಲನ್ನು ಎರಡು ಸಲ ಓದಿ. ನಮ್ಮ ಅಜಾಗರೂಕತೆಯಿಂದಲೇ ಆಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ಪೂರ್ತಿ ತಪ್ಪು ನಮ್ಮದೇ ಆಗಿದ್ದರೂ ಬೇಗ ಹೇಳಿದರೆ ಲಾಭ ಇದೆ.

ನಮ್ಮ ಟೀಮಿನ ಹುಡುಗನೊಬ್ಬ ಇದನ್ನು ತಿಳಿಯದೆ ಕೆಟ್ಟ. 'ನಿಮ್ಮ ರಿವಾರ್ಡ್ ಪಾಯಿಂಟ್ಸ್ ಇವತ್ತೇ ಎಕ್ಸ್‌ಪೈರ್ ಆಗುತ್ತೆ ಸರ್' ಅಂತ ಬಂದ ಫೋನಿಗೆ ಒಟಿಪಿ ಹೇಳಿ 22,000 ಕಳೆದುಕೊಂಡ. ನಗ್ತಾರೆ ಅಂತ ಯಾರಿಗೂ ಹೇಳಲಿಲ್ಲ, ಕಾರ್ಡ್ ಬ್ಲಾಕೂ ಮಾಡಲಿಲ್ಲ. ಮಾರನೇ ದಿನ ಅದೇ ಕಾರ್ಡಿನಿಂದ ಇನ್ನೂ 60,000 ಹೋಯಿತು. ಮೊದಲ ದಿನವೇ ಬ್ಯಾಂಕಿಗೆ ಹೇಳಿದ್ದರೆ ಎರಡನೆಯದು ಅವನ ತಲೆಗೆ ಬರುತ್ತಿರಲಿಲ್ಲ. ಅದು ನಾಚಿಕೆಗೆ ತೆತ್ತ ಬೆಲೆ.

ಬಿಲ್ ಬಂದಾಗ

ನನಗೆ ನಿಜವಾದ ಭಯ ಶುರುವಾಗಿದ್ದು ತಿಂಗಳ ಬಿಲ್ ಬಂದಾಗ. ತಾತ್ಕಾಲಿಕ ಜಮಾ ಬರುವ ಮೊದಲೇ ಬಿಲ್ ತಯಾರಾಗಿತ್ತು. ನನ್ನ ಸ್ವಂತ ಖರ್ಚು 14,000 ಚಿಲ್ಲರೆ. ಅದರ ಜೊತೆ ಕಳ್ಳನ 79,672 ಕೂಡ ಸೇರಿಕೊಂಡು ಕೂತಿತ್ತು. ಸಿಟ್ಟಿಗೆ ಬಿಲ್ಲನ್ನೇ ಕಟ್ಟಲ್ಲ ಅನ್ನಿಸಿತು.

ಹಾಗೆ ಮಾಡ್ಬೇಡಿ. ನಿಮ್ಮ ಖರ್ಚಿನ ಭಾಗವನ್ನು ಕೊನೇ ದಿನಾಂಕದೊಳಗೆ ಕಟ್ಟಿಬಿಡಿ. ಇಲ್ಲದಿದ್ದರೆ ಅದಕ್ಕೆ ಬಡ್ಡಿ, ಲೇಟ್ ಫೀ ಬೀಳುತ್ತೆ, ಕ್ರೆಡಿಟ್ ಸ್ಕೋರೂ ಇಳಿಯುತ್ತೆ. ವಂಚನೆ ಅಂತ ನೀವು ತಕರಾರು ಎತ್ತಿದ ಮೊತ್ತದ ಮೇಲೆ, ಅದು ಇತ್ಯರ್ಥ ಆಗುವವರೆಗೆ ಯಾವ ಶುಲ್ಕವನ್ನೂ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನ ಹೇಳುತ್ತೆ. ನಾನು ನನ್ನ ಭಾಗ ಕಟ್ಟಿ, 'ಉಳಿದದ್ದು ಈ ದೂರು ಸಂಖ್ಯೆಯಡಿ ತಕರಾರಿನಲ್ಲಿದೆ' ಅಂತ ಬ್ಯಾಂಕಿಗೆ ಮೇಲ್ ಹಾಕಿದೆ.

ಒಂಬತ್ತನೇ ಕೆಲಸದ ದಿನ ತಾತ್ಕಾಲಿಕ ಜಮಾ ಬಂತು. ಉಸಿರು ಬಂದಂತಾಯಿತು. ಆದರೆ ಅದು ಕೊನೆಯ ತೀರ್ಪಲ್ಲ, ತನಿಖೆ ನಮ್ಮ ವಿರುದ್ಧ ಹೋದರೆ ವಾಪಸ್ ತಗೊಳ್ಳಬಹುದು. ಹಾಗಾಗಿ ಆ ದುಡ್ಡು ಬಂದೇಬಿಟ್ಟಿತು ಅಂತ ಖರ್ಚಿಗೆ ಕೈಹಾಕಬೇಡಿ.

ಹೋಮ್ ಲೋನ್ ಕೊಡುವ ಬ್ಯಾಂಕಿನವರು 'ಕಾರ್ಡಿನಲ್ಲಿ ಇಷ್ಟು ಬಾಕಿ ಯಾಕಿದೆ?' ಅಂತ ಕೇಳಿದರು. ದೂರಿನ ಪ್ರತಿ, ಮೇಲ್‌ಗಳು, ಕಟ್ಟಿದ ರಸೀದಿ ಎಲ್ಲ ಒಂದೇ ಫೋಲ್ಡರಿನಲ್ಲಿತ್ತು, ಕಳಿಸಿದೆ. ಮಂಜೂರಾತಿ ಮೂರು ವಾರ ತಡವಾಯಿತು, ನಿಲ್ಲಲಿಲ್ಲ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಿಎಂಎಸ್ ಅನ್ನೋ ಪೋರ್ಟಲ್‌ನಲ್ಲಿ ಮನೆಯಿಂದಲೇ ಆಗುತ್ತೆ, ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ನಂಬರ್ ಇದೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಹನ್ನೆರಡನೇ ದಿನದ ಫೋನ್

ಎಲ್ಲ ಒಂದು ಹದಕ್ಕೆ ಬರುತ್ತಿದೆ ಅಂದುಕೊಂಡಾಗ, ಹನ್ನೆರಡನೇ ದಿನ ಒಂದು ಕರೆ. ಒಳ್ಳೇ ಕನ್ನಡ. 'ಮೇಡಂ, ಕಾರ್ಡ್ ಡಿಸ್ಪ್ಯೂಟ್ ವಿಭಾಗದಿಂದ ಮಾತಾಡ್ತಿದ್ದೀವಿ. ನಿಮ್ಮ ರಿಫಂಡ್ ಅಪ್ರೂವ್ ಆಗಿದೆ.' ನನ್ನ ಹೆಸರು, ಬ್ಯಾಂಕಿನ ಹೆಸರು, ಕಾರ್ಡಿನ ಕೊನೆಯ ನಾಲ್ಕಂಕಿ ಎಲ್ಲ ಸರಿಯಾಗಿ ಹೇಳಿದ. ವಾಟ್ಸ್ಆ್ಯಪ್‌ನಲ್ಲಿ ಒಂದು ಎಪಿಕೆ ಫೈಲ್ ಕಳಿಸ್ತೀವಿ, ಇನ್‌ಸ್ಟಾಲ್ ಮಾಡಿ ರಿಫಂಡ್ ಫಾರ್ಮ್ ತುಂಬಿ ಅಂದ.

ಸತ್ಯ ಹೇಳ್ತೀನಿ, ನನ್ನ ಬೆರಳು ಆ ಫೈಲಿನ ಮೇಲೆ ಹೋಗಿತ್ತು. ದುಡ್ಡು ವಾಪಸ್ ಬರಲಿ ಅನ್ನೋ ಆಸೆ ಅಷ್ಟಿತ್ತು. 'ಒಂದ್ ನಿಮಿಷ, ನನ್ನ ದೂರು ಸಂಖ್ಯೆ ಹೇಳಿ' ಅಂದೆ. 'ಸಿಸ್ಟಂ ಸ್ಲೋ ಇದೆ ಮೇಡಂ' ಅಂದ. ಫೋನ್ ಇಟ್ಟು, ಕಾರ್ಡಿನ ಹಿಂದಿನ ನಂಬರಿಗೆ ಮಾಡಿ ಕೇಳಿದೆ. ಅಂಥ ಕರೆ ನಾವು ಮಾಡಿಯೇ ಇಲ್ಲ ಅಂದರು.

ಒಮ್ಮೆ ಮೋಸ ಹೋದವರನ್ನೇ ಎರಡನೇ ಸಲ ಹುಡುಕಿಕೊಂಡು ಬರ್ತಾರೆ. ಅವನಿಗೆ ದೂರು ಸಂಖ್ಯೆ ಗೊತ್ತಿದ್ದರೂ ನಂಬಬೇಡಿ. ರಿಫಂಡ್ ಪಡೆಯೋಕೆ ಒಟಿಪಿ, ಪಿನ್, ಸ್ಕ್ರೀನ್ ಶೇರಿಂಗ್, ಎಪಿಕೆ ಇದ್ಯಾವುದೂ ಬೇಕಿಲ್ಲ. ಅಂಥ ಎಪಿಕೆ ಒಳಗೆ ಬಂದರೆ ನಿಮಗೆ ಬರುವ ಎಸ್‌ಎಂಎಸ್‌ಗಳನ್ನೇ ಅವರು ಓದಬಹುದು, ಒಟಿಪಿ ಹೇಳೋ ಅಗತ್ಯವೇ ಇರಲ್ಲ. ಯಾರೇ ಫೋನ್ ಮಾಡಲಿ, ಇಟ್ಟುಬಿಡಿ. ಆಮೇಲೆ ನೀವಾಗಿಯೇ ಬ್ಯಾಂಕಿಗೆ ಫೋನ್ ಮಾಡಿ.

ಈಗ ನಮ್ಮ ಮನೆಯ ನಿಯಮ

ಹೊಸ ಕಾರ್ಡ್ ಬಂದ ಮೇಲೆ ಒಂದು ಸಂಜೆ ಗಂಡ, ನಾನು ಇಬ್ಬರೂ ಕೂತು ಎಲ್ಲವನ್ನೂ ಸರಿಮಾಡಿದೆವು. ಅಪ್ಪ, ಅಮ್ಮ, ಅತ್ತೆಯ ಫೋನುಗಳಲ್ಲೂ ಮಾಡಿಕೊಟ್ಟೆವು. ನಿಮಗೂ ಅರ್ಧ ಗಂಟೆ ಸಾಕು.

ಕಾರ್ಡಿನ ಸ್ವಿಚ್‌ಗಳು: ಆನ್‌ಲೈನ್, ಅಂತಾರಾಷ್ಟ್ರೀಯ, ಟ್ಯಾಪ್ ಮಾಡಿ ಪೇ ಮಾಡೋದು, ಇವನ್ನು ನಾವೇ ಆನ್, ಆಫ್ ಮಾಡುವ ಮತ್ತು ಮಿತಿ ಹಾಕುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕು ಅಂತ 2020ರಲ್ಲಿ ನಿಯಮ ಬಂತು. ನಮ್ಮ ಮನೆಯಲ್ಲಿ ಅಂತಾರಾಷ್ಟ್ರೀಯ ಯಾವಾಗಲೂ ಆಫ್. ಬೇಕಾದಾಗ ಆನ್, ಕೆಲಸ ಮುಗಿದ ಕೂಡಲೇ ಆಫ್. ಟ್ಯಾಪ್ ಮಾಡಿದರೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತೆ, ಅದನ್ನು ಬಳಸದವರು ಅದನ್ನೂ ಆಫ್ ಮಾಡಿಡಿ.

ಆಟೋ ಪೇ: ಹಳೇ ಕಾರ್ಡಿಗೆ ಏನೇನು ಜೋಡಿಸಿದ್ದಿರಿ ಅಂತ ಪಟ್ಟಿ ಮಾಡಿ. ನನ್ನ ಟರ್ಮ್ ಇನ್ಶೂರೆನ್ಸ್ ಪ್ರೀಮಿಯಂ ಬ್ಲಾಕ್ ಆದ ಕಾರ್ಡಿನ ಮೇಲಿತ್ತು. ಕಂತು ತಪ್ಪಿದ್ದು ರಿಮೈಂಡರ್ ಬಂದ ಮೇಲೇ ಗೊತ್ತಾಗಿದ್ದು.

ಪಾಸ್‌ವರ್ಡ್: ಬ್ಯಾಂಕಿಗೆ ಕೊಟ್ಟಿರುವ ಇ-ಮೇಲ್‌ನ ಪಾಸ್‌ವರ್ಡ್ ಮೊದಲು ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ಮೇಲ್ ಕೈಗೆ ಸಿಕ್ಕರೆ ಉಳಿದ ಪಾಸ್‌ವರ್ಡ್‌ಗಳನ್ನೆಲ್ಲ ಅಲ್ಲಿಂದಲೇ ಬದಲಿಸಿಬಿಡ್ತಾರೆ.

ಸೇವ್ ಮಾಡಿದ ಕಾರ್ಡ್: 2022ರ ಅಕ್ಟೋಬರ್ 1ರಿಂದ ನಮ್ಮ ದೇಶದ ಶಾಪಿಂಗ್ ಸೈಟುಗಳು ಕಾರ್ಡಿನ ಪೂರ್ತಿ ನಂಬರನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್ ಇರುತ್ತೆ. ಸೈಟ್ ಹ್ಯಾಕ್ ಆದರೂ ಆ ಟೋಕನ್ ಇನ್ನೊಂದು ಅಂಗಡಿಯಲ್ಲಿ ನಡೆಯಲ್ಲ. ವಿದೇಶಿ ಸೈಟುಗಳಲ್ಲಿ ಮಾತ್ರ ಕಾರ್ಡ್ ಸೇವ್ ಮಾಡಲೇಬೇಡಿ.

ಕ್ರೆಡಿಟ್ ರಿಪೋರ್ಟ್: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಕಂಪನಿಯದ್ದು ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಯಿತು. ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಾಲ, ಕಾರ್ಡ್ ಇದೆಯಾ ನೋಡಿ.

ಸಿಮ್: ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ನಂಬರ್ ಇವೆ ಅಂತ ಗೊತ್ತಾಗುತ್ತೆ. ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ನೆಟ್‌ವರ್ಕ್ ಹೋದರೆ ಸುಮ್ಮನಿರಬೇಡಿ. ಯಾರೋ ನಿಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೆದಿರಲೂಬಹುದು.

ಕೊನೆಯದು, ಬಹಳ ಮುಖ್ಯವಾದದ್ದು: ನಮ್ಮ ಮನೆಯಲ್ಲಿ ಯಾರಿಗೇ ಮೋಸ ಆಗಲಿ, ಮೊದಲು ಬೈಯುವ ಹಾಗಿಲ್ಲ. ಇದು ಅಪ್ಪ ಮಾಡಿದ ನಿಯಮ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಮೂರು ದಿನ ಕಳೆಯೋದು ಗೊತ್ತೇ ಆಗಲ್ಲ.

86 ರೂಪಾಯಿ

ದೂರು ಕೊಟ್ಟ 71ನೇ ದಿನ ಬ್ಯಾಂಕಿನಿಂದ ಮೇಲ್ ಬಂತು. ತನಿಖೆ ಮುಗಿದಿದೆ, 79,672 ರೂಪಾಯಿಯ ಜಮಾ ಅಂತಿಮ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. 'ಸರಿ, ಬರ್ಕೊಂಡೆ' ಅಂದರು.

ಆದರೆ ಆ ಮಂಗಳವಾರದ 86 ರೂಪಾಯಿ ವಾಪಸ್ ಬರಲಿಲ್ಲ. ಅದನ್ನು ನಾನು ತಿಳಿಸುವ ಹೊತ್ತಿಗೆ ಅದರ ಮೂರು ಕೆಲಸದ ದಿನ ಮುಗಿದುಹೋಗಿತ್ತು. ನಿಯಮದ ಪ್ರಕಾರವೇ ಅದು ನನ್ನ ಲೆಕ್ಕಕ್ಕೆ. ಬೇಜಾರೇನಿಲ್ಲ, ನನ್ನ ಎಲ್ಲ ಸೆಕ್ಯುರಿಟಿ ಟ್ರೈನಿಂಗ್‌ಗಳಿಗಿಂತ ಜಾಸ್ತಿ ಕಲಿಸಿದ್ದು ಅದೇ.

ಈಗ ಕಾರ್ಡಿನಿಂದ ಹತ್ತು ರೂಪಾಯಿ ಹೋದರೂ ಮೆಸೇಜ್ ಓದ್ತೀನಿ. ನೀವೂ ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಬ್ಯಾಂಕಿನ ಆ್ಯಪ್ ತೆರೆದು ಅಂತಾರಾಷ್ಟ್ರೀಯ ಬಳಕೆಯ ಸ್ವಿಚ್ ಎಲ್ಲಿದೆ ನೋಡಿ. ಆನ್ ಇದ್ದರೆ ಈಗಲೇ ಆಫ್ ಮಾಡಿ. ಆಮೇಲೆ ನಿಮ್ಮ ಅಪ್ಪ ಅಮ್ಮನಿಗೂ ಒಂದು ಫೋನ್ ಮಾಡಿ.